ಬಾಡಿಗೆ ಸಾಫ್ಟ್‌ವೇರ್‌ನಿಂದ ಆಚೆ ಬರುವುದು ಹೇಗೆ? ಕೊಡಗಿನ ಅನಿಮೇಷನ್ ಕೆಲಸದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಅನಿಮೇಷನ್ ಮಾಡುವವರು ಹೆಚ್ಚಾಗಿ ಒಬ್ಬಂಟಿಗಳು. ಮದುವೆ ವಿಡಿಯೋದ ಟೈಟಲ್, ಹೋಂಸ್ಟೇ ಜಾಹೀರಾತು, ಕಾಫಿಪುಡಿಯ ಲೋಗೋ, ಶಾಲೆಗೊಂದು ಪಾಠದ ವಿಡಿಯೋ, ದಸರಾ ಬಂದರೆ ಮಂಟಪ ಸಮಿತಿಯವರ ಕೆಲಸ. ಸಿಗುವ ದುಡ್ಡಿನಲ್ಲಿ ಒಂದು ಪಾಲು ಪ್ರತಿ ತಿಂಗಳೂ ಸಾಫ್ಟ್‌ವೇರ್ ಬಾಡಿಗೆಗೆ ಹೋಗುತ್ತದೆ. ಬಾಡಿಗೆ ಏರಿದರೂ ಸುಮ್ನಿರಬೇಕು, ಯಾಕೆಂದರೆ ಹಳೆಯ ಫೈಲುಗಳೆಲ್ಲ ಅದರಲ್ಲೇ ಇವೆ.

ಬಿಟ್ಟು ಬರಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಹೊಸ ಸಾಫ್ಟ್‌ವೇರ್ ಕಲಿಯಲು ಕೂರುತ್ತಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ. ಲೈಸೆನ್ಸ್ ಚಾಲ್ತಿಯಲ್ಲಿರುವಾಗಲೇ ಹಳೆಯ ಕೆಲಸವನ್ನು ಹೊರಗೆ ತೆಗೆದಿಡುವುದು ಮೊದಲನೆಯದು. ಕಲಿಯುವುದನ್ನು ಆಮೇಲೆ ನಿಧಾನಕ್ಕೆ ಮಾಡಬಹುದು. ಲೈಸೆನ್ಸ್ ಮುಗಿದ ಮೇಲೆ ಫೈಲು ತೆಗೆಯಲು ಆಗುವುದಿಲ್ಲ.

ಕಂಪನಿ ಕಂಪನಿಯನ್ನು ಕೊಂಡರೆ ನಮಗೇನು?

ಸಾಫ್ಟಿಮೇಜ್ ಕಥೆ ಕೇಳಿ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಶುರುವಾದ ಕಂಪನಿ ಅದು, ಅದರ ತ್ರೀಡಿ ಅನಿಮೇಷನ್ ಸಾಫ್ಟ್‌ವೇರ್‌ಗೂ ಅದೇ ಹೆಸರು. 1994ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 1998ರಲ್ಲಿ ಆವಿಡ್‌ಗೆ ಮಾರಿತು. 2008ರಲ್ಲಿ ಆಟೊಡೆಸ್ಕ್ ಕೈಗೆ ಬಂತು. ಆಟೊಡೆಸ್ಕ್ ಹತ್ತಿರ ಆಗಲೇ ತ್ರೀಡಿಎಸ್ ಮ್ಯಾಕ್ಸ್ ಇತ್ತು. 2006ರಲ್ಲಿ ಏಲಿಯಾಸ್ ಕಂಪನಿಯನ್ನು ಕೊಂಡಾಗ ಮಾಯಾ ಕೂಡ ಬಂದಿತ್ತು. ಹೆಚ್ಚುಕಡಿಮೆ ಒಂದೇ ಕೆಲಸದ ಮೂರು ಸಾಫ್ಟ್‌ವೇರ್ ಒಂದೇ ಮನೆಯಲ್ಲಿ. ಒಂದಕ್ಕೆ ಗೇಟ್‌ಪಾಸ್ ಗ್ಯಾರಂಟಿ, ಅಲ್ವಾ? 2014ರಲ್ಲಿ ಸಾಫ್ಟಿಮೇಜ್ ನಿಲ್ಲಿಸುತ್ತೇವೆ ಎಂದು ಹೇಳಿದರು. ಅದರಲ್ಲೇ ಕೈ ಪಳಗಿಸಿಕೊಂಡವರು ಮಾಯಾಗೋ ಮ್ಯಾಕ್ಸ್‌ಗೋ ಹೋಗಬೇಕಾಯಿತು.

ಏಲಿಯಾಸ್ ಜೊತೆಗೆ ಎಫ್‌ಬಿಎಕ್ಸ್ ಎಂಬ ಫೈಲ್ ಫಾರ್ಮ್ಯಾಟ್ ಕೂಡ ಆಟೊಡೆಸ್ಕ್‌ಗೆ ಹೋಯಿತು. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ತ್ರೀಡಿ ಸಾಗಿಸುವ ದಾರಿಗೂ ಒಬ್ಬರೇ ಯಜಮಾನರು ಎಂದಾಯಿತು.

ಟುಡಿ ಕಡೆಯೂ ಇದೇ ಕಥೆ. ಫ್ಲ್ಯಾಶ್ ಮಾಡಿಕೊಂಡಿದ್ದ ಮ್ಯಾಕ್ರೋಮೀಡಿಯಾವನ್ನು ಅಡೋಬಿ 2005ರಲ್ಲಿ ಕೊಂಡಿತು. 2013ರಿಂದ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಬಾಡಿಗೆಗೆ ಮಾತ್ರ ಕೊಡತೊಡಗಿತು. 2016ರಲ್ಲಿ ಫ್ಲ್ಯಾಶ್ ಹೋಗಿ ಅನಿಮೇಟ್ ಎಂಬ ಹೆಸರು ಬಂತು. ಆಟೊಡೆಸ್ಕ್ ಕೂಡ 2016ರಲ್ಲಿ ಒಮ್ಮೆ ದುಡ್ಡು ಕೊಟ್ಟು ಸದಾ ಬಳಸುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ತ್ರೀಡಿ ಮೂರ್ತಿ ಕೆತ್ತುವ ಝಡ್‌ಬ್ರಷ್ ಕೂಡ ಕೈ ಬದಲಿಸಿ ಈಗ ಸಿನಿಮಾ ಫೋರ್‌ಡಿ ಮಾಡುವ ಮ್ಯಾಕ್ಸಾನ್‌ನದು.

ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ. ವ್ಯಾಪಾರ ಅಂದರೆ ಅದೇ. ಆದರೆ ನಮ್ಮ ಫೈಲು ಯಾರ ನಿರ್ಧಾರದ ಮೇಲೆ ನಿಂತಿದೆ ಎಂಬುದು ಗೊತ್ತಿರಬೇಕು.

ಬಿಟ್ಟಿ ಬೇರೆ, ಮುಕ್ತ ಬೇರೆ

ಇಲ್ಲಿ ಬಹಳ ಜನ ಎಡವುತ್ತಾರೆ. ವಿಡಿಯೋ ಎಡಿಟಿಂಗ್ ಮಾಡುವ ಡಾವಿಂಚಿ ರಿಸಾಲ್ವ್‌ಗೆ ಉಚಿತ ಆವೃತ್ತಿ ಇದೆ, ಒಳ್ಳೆಯದೂ ಹೌದು. ಆದರೆ ಅದು ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಸ್ವತ್ತು. ನಾಳೆ ಬೆಲೆ ಕಟ್ಟಿದರೆ ಕೇಳುವಂತಿಲ್ಲ. ಮುಕ್ತ ತಂತ್ರಾಂಶ ಅಂದರೆ ಮೂಲ ಕೋಡ್ ಎಲ್ಲರ ಕೈಯಲ್ಲಿರುತ್ತದೆ. ನಡೆಸುವವರು ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು.

ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಉಳಿದದ್ದೇ ಹಾಗೆ. ಅದನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿತು. ಅದನ್ನು ಕಟ್ಟಿದ ಟಾನ್ ರೂಸೆಂಡಾಲ್ ಬಳಕೆದಾರರ ಮುಂದೆ ಕೈಚಾಚಿದರು. ಏಳು ವಾರದಲ್ಲಿ 1 ಲಕ್ಷ ಯೂರೋ ಸೇರಿತು. ಹೂಡಿಕೆದಾರರಿಂದ ಕೋಡ್ ಬಿಡಿಸಿಕೊಂಡು ಅದೇ ಅಕ್ಟೋಬರ್‌ನಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸ್ ಅಡಿ ಎಲ್ಲರಿಗೂ ಕೊಟ್ಟರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ಮಾಡಿದ್ದು ಈ ಬ್ಲೆಂಡರ್‌ನಲ್ಲೇ.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ: "ಜಿಪಿಎಲ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ವಿಡಿಯೋವನ್ನೂ ಎಲ್ಲರಿಗೂ ಬಿಟ್ಟಿ ಕೊಡಬೇಕಾ?" ಬೇಡ. ಆ ನಿಯಮ ಸಾಫ್ಟ್‌ವೇರ್‌ಗೆ ಮಾತ್ರ. ನೀವು ಮಾಡಿದ ಕೆಲಸ ನಿಮ್ಮದು, ಮಾರಿಕೊಳ್ಳಿ.

ಹೆಜ್ಜೆ 1: ಕಾಲ ನೋಡಿಕೊಳ್ಳಿ

ಕಕ್ಕಡ ತಿಂಗಳು ಇದಕ್ಕೆ ಹೇಳಿಮಾಡಿಸಿದ ಹೊತ್ತು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕೊಡಗಿನಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ. ಮಳೆಗೆ ಪ್ರವಾಸಿಗರೂ ಕಡಿಮೆ, ಹೋಂಸ್ಟೇಯವರೂ ಜಾಹೀರಾತಿಗೆ ಅವಸರ ಮಾಡುವುದಿಲ್ಲ. ಕರೆಂಟ್ ಕೈಕೊಡುತ್ತದೆ ಎಂಬುದು ನಿಜ. ಅದಕ್ಕೆ ದಾರಿ ಮುಂದೆ ಹೇಳುತ್ತೇನೆ. ದಸರಾಕ್ಕೆ ಎರಡು ವಾರ ಇರುವಾಗ ಮಾತ್ರ ಸಾಫ್ಟ್‌ವೇರ್ ಬದಲಿಸಲು ಹೋಗಬೇಡಿ.

ಹೆಜ್ಜೆ 2: ಹಳೆಯ ಫೈಲು ಹೊರಗೆ ತೆಗೆಯಿರಿ

ಒಂದು ಹೊಸ ಹಾರ್ಡ್‌ಡಿಸ್ಕ್ ತೆಗೆದುಕೊಳ್ಳಿ. ಪ್ರತಿ ಕೆಲಸಕ್ಕೂ ಒಂದು ಫೋಲ್ಡರ್. ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕೆಲವು ಸಾಫ್ಟ್‌ವೇರ್‌ಗಳಿಗೆ ಬೇರೆ ಲಿಪಿಯ ಹೆಸರು ಕಂಡರೆ ಆಗುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ ಇವು ಇರಬೇಕು.

ಮೂಲ ಫೈಲು, ಇದ್ದ ಹಾಗೇ. ಎಸೆಯಬೇಡಿ.

ಮುಗಿದ ವಿಡಿಯೋ, ಸಿಕ್ಕುವ ಅತಿ ಒಳ್ಳೆಯ ಗುಣಮಟ್ಟದಲ್ಲಿ. ಜೊತೆಗೆ ಮುಖ್ಯವಾದ ಪಾತ್ರ ಮತ್ತು ಲೋಗೋಗಳ ಪಿಎನ್‌ಜಿ ಸೀಕ್ವೆನ್ಸ್ (ಒಂದೊಂದು ಫ್ರೇಮ್‌ಗೂ ಒಂದೊಂದು ಚಿತ್ರ), ಹಿನ್ನೆಲೆ ಪಾರದರ್ಶಕವಾಗಿರಲಿ. ಪಿಎನ್‌ಜಿಗೆ ಯಜಮಾನರಿಲ್ಲ, ಯಾವ ಸಾಫ್ಟ್‌ವೇರ್ ಬೇಕಾದರೂ ತೆರೆಯುತ್ತದೆ.

ರೇಖೆಯ ಚಿತ್ರಗಳೆಲ್ಲ ಎಸ್‌ವಿಜಿಯಲ್ಲಿ, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯದ ಫಾರ್ಮ್ಯಾಟ್ ಅದು. ಅನಿಮೇಟ್‌ನಲ್ಲಿ ಒಂದೊಂದು ಫ್ರೇಮನ್ನು ಎಸ್‌ವಿಜಿ ಆಗಿ ತೆಗೆಯಬಹುದು. ಪಾತ್ರದ ಕೈ, ಕಾಲು, ತಲೆ, ಬಾಯಿಯ ಬೇರೆ ಬೇರೆ ಆಕಾರ ಎಲ್ಲವನ್ನೂ ಬಿಡಿಬಿಡಿಯಾಗಿ ತೆಗೆಯಿರಿ. ಹೊಸ ಕಡೆ ಮತ್ತೆ ಜೋಡಿಸಲು ಇವೇ ಬೇಕು.

ತ್ರೀಡಿ ಆದರೆ ಎಫ್‌ಬಿಎಕ್ಸ್ ಒಂದೇ ಸಾಲದು. ಚಲನೆ ಇರುವ ಮೆಶ್‌ಗೆ (ತ್ರೀಡಿ ಆಕಾರದ ಬಲೆಗೆ) ಅಲೆಂಬಿಕ್, ಇಡೀ ದೃಶ್ಯಕ್ಕೆ ಪಿಕ್ಸಾರ್ 2016ರಲ್ಲಿ ಮುಕ್ತವಾಗಿ ಕೊಟ್ಟ ಯುಎಸ್‌ಡಿ, ಇವೆರಡು ಫಾರ್ಮ್ಯಾಟ್‌ನಲ್ಲೂ ತೆಗೆದಿಡಿ. ಆಕಾರದ ಮೇಲೆ ಹೊದಿಸುವ ಟೆಕ್ಸ್ಚರ್ ಚಿತ್ರಗಳನ್ನು ಮರೆಯಬೇಡಿ. ಅವು ಎಲ್ಲೋ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ.

ಧ್ವನಿ ಎಲ್ಲ ವೇವ್ ಫೈಲಿನಲ್ಲಿ. ಬಳಸಿದ ಫಾಂಟುಗಳು. ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಫ್ರೇಮ್ ರೇಟ್, ಅಳತೆ, ಬಣ್ಣದ ಸಂಖ್ಯೆಗಳು.

ಏನು ಬರುವುದಿಲ್ಲ ಎಂದೂ ಹೇಳಬೇಕು. ಟ್ವೀನ್ (ಎರಡು ಭಂಗಿಯ ನಡುವಿನ ಚಲನೆಯನ್ನು ಸಾಫ್ಟ್‌ವೇರೇ ತುಂಬುವುದು), ರಿಗ್ (ಪಾತ್ರ ಆಡಿಸುವ ಕೀಲುಗಳ ಜೋಡಣೆ), ಎಫೆಕ್ಟ್, ಎಕ್ಸ್‌ಪ್ರೆಷನ್ (ಚಲನೆ ನಡೆಸುವ ಸಣ್ಣ ಕೋಡ್) ಯಾವುದೂ ಸರಿಯಾಗಿ ದಾಟುವುದಿಲ್ಲ. "ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಬದಲಾಗುತ್ತದೆ" ಎಂದು ದುಡ್ಡು ಕೇಳುವ ಪರಿವರ್ತಕಗಳನ್ನು ನಂಬಬೇಡಿ. ಆದರೂ ಒಂದು ಸಣ್ಣ ಸಮಾಧಾನ ಇದೆ. ಫ್ಲ್ಯಾಶ್‌ನ ಸಿಎಸ್‌5 ಮತ್ತು ಆಮೇಲಿನ ಆವೃತ್ತಿಗಳ ಎಫ್‌ಎಲ್‌ಎ ಫೈಲು ನಿಜದಲ್ಲಿ ಒಂದು ಜಿಪ್ ಕಟ್ಟು. ಒಂದು ಪ್ರತಿ ಮಾಡಿಕೊಂಡು, ಕೊನೆಯ ಎಫ್‌ಎಲ್‌ಎ ತೆಗೆದು ಜಿಪ್ ಎಂದು ಹೆಸರಿಟ್ಟು ಬಿಚ್ಚಿದರೆ ಒಳಗೆ ಲೈಬ್ರರಿ ಫೋಲ್ಡರ್, ಎಕ್ಸ್‌ಎಂಎಲ್ ಫೈಲುಗಳು ಕಾಣುತ್ತವೆ.

ಎಲ್ಲ ಕೆಲಸವನ್ನೂ ಹೀಗೆ ತೆಗೆಯಬೇಕಾಗಿಲ್ಲ. ಐದು ವರ್ಷದ ಹಿಂದಿನ ಮದುವೆ ಟೈಟಲ್ ಯಾರಿಗೂ ಬೇಡ. ವರ್ಷವರ್ಷ ತಿರುಗಿ ಬರುವ ಗಿರಾಕಿಗಳ ಲೋಗೋ, ಪಾತ್ರ, ಶಾಲೆಗಳ ಪಾಠ, ಇಷ್ಟು ಸಾಕು.

ಹೆಜ್ಜೆ 3: ಕೆಲಸಕ್ಕೆ ತಕ್ಕ ಸಾಫ್ಟ್‌ವೇರ್ ಆರಿಸಿ

ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡುವವರಿಗೆ ಓಪನ್‌ಟೂಂಜ್. ಇಟಲಿಯಲ್ಲಿ ಹುಟ್ಟಿದ ಟೂಂಜ್ ಅದು, ಜಪಾನಿನ ಸ್ಟುಡಿಯೋ ಜಿಬ್ಲಿ ಬಳಸಿದ್ದು. ಜಪಾನಿನದೇ ಡ್ವಾಂಗೊ ಕಂಪನಿ ಅದನ್ನು ಕೊಂಡು 2016ರಲ್ಲಿ ಮುಕ್ತವಾಗಿ ಬಿಟ್ಟಿತು. ಸ್ಕ್ಯಾನ್ ಗೆರೆ ಚೊಕ್ಕ ಮಾಡುವುದು, ಬಣ್ಣ ತುಂಬುವುದು ಇದರಲ್ಲಿ ಬಹಳ ಚೆನ್ನಾಗಿದೆ. ಮೊದಲ ನೋಟಕ್ಕೆ ಮಾತ್ರ ಗಾಬರಿ ಹುಟ್ಟಿಸುತ್ತದೆ. ಹಾಗನ್ನಿಸಿದರೆ ಇದರಿಂದಲೇ ಕವಲೊಡೆದ ತಹೋಮಾಟುಡಿ ನೋಡಿ, ಸ್ವಲ್ಪ ಸಲೀಸು.

ಟ್ಯಾಬ್ಲೆಟ್ ಮೇಲೆ ಫ್ರೇಮ್ ಫ್ರೇಮಾಗಿ ಬರೆಯುವವರಿಗೆ ಕ್ರೀಟಾ. ಕುಂಚಗಳು ಅದ್ಭುತ. ಆದರೆ ರ‍್ಯಾಮ್ ನುಂಗುತ್ತದೆ. ಒಂದೊಂದು ಶಾಟ್‌ಗೂ ಒಂದೊಂದು ಸಣ್ಣ ಫೈಲು ಮಾಡಿ, ಎರಡು ನಿಮಿಷದ ಕಥೆಯನ್ನು ಒಂದೇ ಫೈಲಿಗೆ ತುಂಬಬೇಡಿ.

ಫ್ಲ್ಯಾಶ್ ಟ್ವೀನ್ ರೂಢಿ ಇರುವವರಿಗೆ ಸಿನ್‌ಫಿಗ್ ಹತ್ತಿರ. ಕೈಕಾಲು ಬಿಡಿಬಿಡಿಯಾಗಿ ಕತ್ತರಿಸಿದ ಪಾತ್ರಕ್ಕೆ ಬೋನ್ (ಎಲುಬಿನಂಥ ಆಧಾರ) ಹಾಕಿ ಆಡಿಸಬಹುದು. ಆಗಾಗ ಸೇವ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಮಾಯಾ, ಮ್ಯಾಕ್ಸ್, ಸಿನಿಮಾ ಫೋರ್‌ಡಿ ಬಿಡುವವರಿಗೆ ಬ್ಲೆಂಡರ್, ಅದರಲ್ಲಿ ಎರಡನೇ ಮಾತಿಲ್ಲ. ಕೈಯಿಂದ ಗೆರೆ ಬರೆಯುವ ಗ್ರೀಸ್ ಪೆನ್ಸಿಲ್ ಇರುವುದರಿಂದ ಟುಡಿಯೂ ಅದರಲ್ಲೇ ಆಗುತ್ತದೆ. ಒಂದನ್ನೇ ಕಲಿಯಲು ಸಮಯ ಇದ್ದರೆ ನಾನು ಹೇಳುವುದು ಬ್ಲೆಂಡರನ್ನೇ. ಮಂಟಪ ಸಮಿತಿಯವರಿಗೂ ಇದು ಒದಗುತ್ತದೆ. ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳಲ್ಲಿ ಮೂರ್ತಿಗಳು ಚಲಿಸಬೇಕಲ್ಲ, ಯಾವ ಕೀಲು ಎಷ್ಟು ತಿರುಗಿದರೆ ರಾಕ್ಷಸನ ಕೈ ಪಕ್ಕದ ಕಂಬಕ್ಕೆ ತಾಗುತ್ತದೆ ಎಂದು ಕಬ್ಬಿಣ ಕತ್ತರಿಸುವ ಮೊದಲೇ ತೆರೆಯ ಮೇಲೆ ತೋರಿಸಬಹುದು.

ಅಕ್ಷರ, ಲೋಗೋ ಆಡಿಸಲು ಬಳಸುವ ಅಡೋಬಿಯ ಆಫ್ಟರ್ ಎಫೆಕ್ಟ್ಸ್ ಬಿಡುವುದೇ ಕಷ್ಟದ್ದು. ಅದರ ಜಾಗಕ್ಕೆ ಸರಿಯಾಗಿ ಕೂರುವ ಮುಕ್ತ ಸಾಫ್ಟ್‌ವೇರ್ ಒಂದೂ ಇಲ್ಲ. ಚಿತ್ರದ ಪದರ ಸೇರಿಸಲು ಬ್ಲೆಂಡರ್‌ನ ಕಾಂಪೋಸಿಟರ್, ಎಡಿಟಿಂಗ್‌ಗೆ ಕೆಡೆನ್‌ಲೈವ್, ಮೋಷನ್ ಗ್ರಾಫಿಕ್ಸ್‌ಗೆ ಫ್ರಿಕ್ಷನ್, ಹೀಗೆ ಹಂಚಿಕೊಂಡು ಮಾಡಬೇಕು. ಟೆಂಪ್ಲೇಟ್ ಕೊಂಡು ಹೆಸರು ಬದಲಿಸಿ ಕೊಡುವುದೇ ನಿಮ್ಮ ಮುಖ್ಯ ವರಮಾನ ಆಗಿದ್ದರೆ ಸದ್ಯಕ್ಕೆ ಬಿಡಬೇಡಿ. ಟುಡಿ ಸಾಫ್ಟ್‌ವೇರ್ ಟೂನ್‌ಬೂಮ್ ಹಾರ್ಮನಿಯ ರಿಗ್ ಮೇಲೆ ಸೀರಿಯಲ್ ಕೆಲಸ ಮಾಡುವವರಿಗೂ ಇದೇ ಮಾತು.

ಹೆಜ್ಜೆ 4: ಹಾಕಿಕೊಳ್ಳುವುದು

ಆಯಾ ಯೋಜನೆಯ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ದುಡ್ಡು ಕೇಳಿದರೆ ಒಂದು ಸಲ ಅನುಮಾನ ಪಡಿ. ಬ್ಲೆಂಡರ್‌ನಲ್ಲಿ ಎಲ್‌ಟಿಎಸ್ ಎಂಬ ಆವೃತ್ತಿ ಇರುತ್ತದೆ, ಅದಕ್ಕೆ ಎರಡು ವರ್ಷ ದೋಷ ತಿದ್ದಿ ಕೊಡುತ್ತಾರೆ. ಗಿರಾಕಿ ಕೆಲಸಕ್ಕೆ ಅದನ್ನೇ ಹಾಕಿ. ಕೆಲಸದ ನಡುವೆ ಆವೃತ್ತಿ ಬದಲಿಸಬೇಡಿ. ಮೆಮೊರಿ 8 ಜಿಬಿ ಇದ್ದರೆ ತೆರೆಯುತ್ತದೆ, 16 ಇದ್ದರೆ ನೆಮ್ಮದಿ.

ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಬ್ಲೆಂಡರ್, ರೇಖೆಯ ಚಿತ್ರ ಬರೆಯುವ ಇಂಕ್‌ಸ್ಕೇಪ್, ಸಿನ್‌ಫಿಗ್ ಎಲ್ಲಕ್ಕೂ ಪಾಠ ಇವೆ. ಅವರ ಹಲವು ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಕೆಲವು ಹಳೆಯ ಆವೃತ್ತಿಯವು. ಬಟನ್ ಇರುವ ಜಾಗ ಬದಲಾಗಿರಬಹುದು, ತತ್ವ ಅದೇ.

ಹೆಜ್ಜೆ 5: ಕನ್ನಡ ಅಕ್ಷರ

ನಮ್ಮ ಕಡೆಯ ಕೆಲಸದಲ್ಲಿ ಅರ್ಧ ತಲೆನೋವು ಇದೇ. ಕೊಡವ ತಕ್ಕ್ ಆಗಲಿ, ಅರೆಭಾಷೆ ಆಗಲಿ, ಬರೆಯುವುದು ಕನ್ನಡ ಲಿಪಿಯಲ್ಲೇ. ಹಾಗಾಗಿ ಯಾರಿಗೂ ಇದರಿಂದ ಬಿಡುಗಡೆ ಇಲ್ಲ.

ಮೊದಲು ಪ್ರೆಸ್ಸಿನವರು ಕೊಡುವ ಹಳೆಯ ನುಡಿ, ಬರಹ ಫೈಲು. ಅವು ಯೂನಿಕೋಡ್ ಅಲ್ಲದಿದ್ದರೆ ಕ್ರೀಟಾಗೋ ಇಂಕ್‌ಸ್ಕೇಪ್‌ಗೋ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು ಮತ್ತು ಮನೆತನದ ಹೆಸರುಗಳಲ್ಲಿ ಜಾಸ್ತಿ ತಪ್ಪಾಗುತ್ತದೆ. ಆಮಂತ್ರಣದಲ್ಲಿ ಒಕ್ಕದ ಹೆಸರು ತಪ್ಪಾದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾ! ಫಾಂಟಿಗೆ ನೋಟೊ ಸ್ಯಾನ್ಸ್ ಕನ್ನಡ, ದಪ್ಪಗೆ ಬೇಕಿದ್ದರೆ ಬಾಲೂ ತಮ್ಮ. ಎರಡೂ ಮುಕ್ತ.

ಇನ್ನು ಬ್ಲೆಂಡರ್. ಅದರ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ "ವಿರಾಜಪೇಟೆ" ನೋಡಲು ಸರಿ ಅನ್ನಿಸಬಹುದು. "ಗೋಣಿಕೊಪ್ಪ" ಎಂದು ಟೈಪ್ ಮಾಡಿ ನೋಡಿ. ಪ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ, ಕೊಂಬು ಎಲ್ಲೋ ಹೋದರೆ, ಅಲ್ಲಿ ಒದ್ದಾಡುವುದು ಬೇಡ. ಹೀಗೆ ಮಾಡಿ.

ಇಂಕ್‌ಸ್ಕೇಪ್ ತೆರೆದು ಅಲ್ಲಿ ಟೈಪ್ ಮಾಡಿ. ಒತ್ತು ಸರಿಯಾಗಿ ಕೂರುತ್ತದೆ. ಅಕ್ಷರ ಆಯ್ಕೆ ಮಾಡಿ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ. ಈಗ ಅಕ್ಷರ ಹೋಗಿ ಆಕಾರ ಆಯಿತು. ಗುಂಪು ಬಿಡಿಸಿದರೆ ಪ ಬೇರೆ, ಅದರ ಒತ್ತು ಬೇರೆ ತುಂಡಾಗಿ ಸಿಗಬಹುದು. ಎರಡನ್ನೂ ಆಯ್ದು ಪಾತ್ ಮೆನುವಿನಲ್ಲಿ ಕಂಬೈನ್ ಕೊಡಿ. ಈ ಹೆಜ್ಜೆ ಬಿಟ್ಟರೆ ಅಕ್ಷರ ಒಂದೊಂದಾಗಿ ಹಾರಿಬರುವ ಟೈಟಲ್‌ನಲ್ಲಿ ಪ ಒಂದು ಕಡೆಯಿಂದ, ಒತ್ತು ಇನ್ನೊಂದು ಕಡೆಯಿಂದ ಬರುತ್ತದೆ. ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ.

ಬ್ಲೆಂಡರ್‌ನಲ್ಲಿ ಫೈಲ್ ಮೆನು, ಇಂಪೋರ್ಟ್, ಎಸ್‌ವಿಜಿ. ತೆರೆಯ ಮೇಲೆ ಏನೂ ಕಾಣುವುದಿಲ್ಲ. ಬಂದಿದೆ, ಆದರೆ ತುಂಬಾ ಚಿಕ್ಕದಾಗಿ ಬಂದಿದೆ. ಎಲ್ಲ ಆಯ್ದು ಎಸ್ ಒತ್ತಿ ದೊಡ್ಡದು ಮಾಡಿ. ಬಲ ಕ್ಲಿಕ್, ಸೆಟ್ ಒರಿಜಿನ್, ಒರಿಜಿನ್ ಟು ಜಿಯಾಮೆಟ್ರಿ. ಇದು ಮಾಡಿದರೆ ಪ್ರತಿ ಅಕ್ಷರವೂ ತನ್ನ ನಡುವಿನಿಂದಲೇ ತಿರುಗುತ್ತದೆ. ಕರ್ವ್ ಡೇಟಾದಲ್ಲಿ ಜಿಯಾಮೆಟ್ರಿ ಕೆಳಗೆ ಎಕ್ಸ್‌ಟ್ರೂಡ್ ಸ್ವಲ್ಪ ಏರಿಸಿದರೆ ದಪ್ಪ ಬರುತ್ತದೆ. ಇನ್ನು ಕೀಫ್ರೇಮ್ ನಿಮ್ಮ ಇಷ್ಟ.

ತುಟಿ ಹೊಂದಿಸಲು ರೂಬಾರ್ಬ್ ಲಿಪ್‌ಸಿಂಕ್ ಎಂಬ ಮುಕ್ತ ಸಾಧನ ಇದೆ. ಅದರಲ್ಲಿ ಫೊನೆಟಿಕ್ ಎಂಬುದನ್ನು ಆರಿಸಿ. ಆಗ ಅದು ಇಂಗ್ಲಿಷ್ ಪದ ಹುಡುಕದೆ ಬರೀ ಸದ್ದು ಕೇಳಿ ಬಾಯಿಯ ಆಕಾರ ಕೊಡುತ್ತದೆ. ಕನ್ನಡಕ್ಕೂ ಕೊಡವ ತಕ್ಕ್‌ಗೂ ನಡೆಯುತ್ತದೆ. ಅಲ್ಲಲ್ಲಿ ಕೈಯಿಂದ ತಿದ್ದಬೇಕು.

ಹೆಜ್ಜೆ 6: ಒಂದು ಸಣ್ಣ ಕೆಲಸ, ಎರಡೂ ಕಡೆ

ಹಳೆಯ ಗಿರಾಕಿಯ ಹತ್ತು ಸೆಕೆಂಡಿನ ಲೋಗೋ ಒಂದನ್ನು ಹೊಸದರಲ್ಲಿ ಮತ್ತೆ ಮಾಡಿ. ದುಡ್ಡಿಗಲ್ಲ, ಅಭ್ಯಾಸಕ್ಕೆ. ಫ್ರೇಮ್ ರೇಟ್ ಮೊದಲು ನೋಡಿ. ಬ್ಲೆಂಡರ್ ತಾನಾಗಿ 24 ಹಿಡಿದುಕೊಳ್ಳುತ್ತದೆ, ನಿಮ್ಮ ಹಳೆಯದು 25 ಇದ್ದರೆ ಹಾಡಿಗೂ ಚಿತ್ರಕ್ಕೂ ತಾಳೆ ತಪ್ಪುತ್ತದೆ. ಎಲ್‌ಇಡಿ ಪರದೆಗೆ ಕೊಡುವುದಾದರೆ ಅಗಲ ಎತ್ತರ ಎಷ್ಟು ಪಿಕ್ಸೆಲ್ ಎಂದು ಪರದೆಯವರನ್ನೇ ಕೇಳಿ. ಅದು ಮಾಮೂಲಿ ಟಿವಿ ಅಳತೆಯಲ್ಲಿ ಇರುವುದಿಲ್ಲ.

ಎರಡು ವಿಡಿಯೋವನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೇಳದೆ ಯಾರಿಗಾದರೂ ತೋರಿಸಿ. ಬಣ್ಣ ಪೇಲವ ಅನ್ನಿಸಿದರೆ ರೆಂಡರ್ ಪ್ರಾಪರ್ಟೀಸ್‌ನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ವ್ಯೂ ಟ್ರಾನ್ಸ್‌ಫಾರ್ಮ್ ಅನ್ನು ಸ್ಟ್ಯಾಂಡರ್ಡ್‌ಗೆ ಬದಲಿಸಿ. ಲೋಗೋದ ಕೆಂಪು ಕೆಂಪಾಗಿಯೇ ಬರುತ್ತದೆ.

ಹೆಜ್ಜೆ 7: ಕರೆಂಟ್ ಹೋದರೂ ಕೆಲಸ ಹೋಗದಂತೆ ರೆಂಡರ್

ಆಗಸ್ಟ್‌ನಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ರೆಂಡರ್ ಅಂದರೆ ಮಾಡಿದ ದೃಶ್ಯವನ್ನು ಚಿತ್ರವಾಗಿ ಹೊರತೆಗೆಯುವುದು. ಅದನ್ನು ನೇರ ಎಂಪಿ4ಗೆ ಹಾಕಿದ್ದರೆ ಮುಕ್ಕಾಲು ಮುಗಿದಾಗ ಕರೆಂಟ್ ಹೋಗಿ ಫೈಲು ತೆರೆಯುವುದೇ ಇಲ್ಲ. ಅದಕ್ಕೆ ಯಾವತ್ತೂ ಪಿಎನ್‌ಜಿ ಸೀಕ್ವೆನ್ಸ್‌ಗೆ ರೆಂಡರ್ ಮಾಡಿ. ಬ್ಲೆಂಡರ್‌ನ ಔಟ್‌ಪುಟ್ ಪ್ರಾಪರ್ಟೀಸ್‌ನಲ್ಲಿ ಓವರ್‌ರೈಟ್ ಟಿಕ್ ತೆಗೆಯಿರಿ, ಪ್ಲೇಸ್‌ಹೋಲ್ಡರ್ಸ್ ಟಿಕ್ ಹಾಕಿ. ಕರೆಂಟ್ ಬಂದ ಮೇಲೆ ಮತ್ತೆ ರೆಂಡರ್ ಕೊಟ್ಟರೆ ಆಗಿರುವ ಫ್ರೇಮ್ ಬಿಟ್ಟು ಮುಂದಿನದರಿಂದ ಶುರುಮಾಡುತ್ತದೆ. ಒಂದೇ ಎಚ್ಚರ: ಕರೆಂಟ್ ಹೋದ ಕ್ಷಣದ ಫ್ರೇಮ್ ಸೊನ್ನೆ ಕೆಬಿ ಇರುತ್ತದೆ. ಅದನ್ನು ಬ್ಲೆಂಡರ್ ಆಗಿದೆ ಎಂದೇ ತಿಳಿಯುತ್ತದೆ. ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ, ಸೊನ್ನೆ ಇರುವುದನ್ನು ಅಳಿಸಿ ಆಮೇಲೆ ರೆಂಡರ್ ಕೊಡಿ.

ಎರಡು ಕಂಪ್ಯೂಟರ್ ಇದ್ದರೆ ಇದೇ ಉಪಾಯದಲ್ಲಿ ಒಂದೇ ಫೋಲ್ಡರಿಗೆ ಎರಡರಿಂದಲೂ ರೆಂಡರ್ ಮಾಡಬಹುದು. ಒಂದು ಮಾಡುತ್ತಿರುವ ಫ್ರೇಮನ್ನು ಇನ್ನೊಂದು ಮುಟ್ಟುವುದಿಲ್ಲ. ಎರಡನೇ ಕಂಪ್ಯೂಟರಿಗೆ ಲೈಸೆನ್ಸ್ ಯಾರೂ ಕೇಳುವುದಿಲ್ಲ! ಎಲ್ಲ ಮುಗಿದ ಮೇಲೆ ಕೆಡೆನ್‌ಲೈವ್‌ನಲ್ಲಿ ಫ್ರೇಮ್‌ಗಳನ್ನು ಜೋಡಿಸಿ, ಹಾಡು ಸೇರಿಸಿ ಎಂಪಿ4 ತೆಗೆಯಿರಿ.

ಹೆಜ್ಜೆ 8: ಗಿರಾಕಿಗಳ ಜೊತೆ ಮಾತು

ಹೋಂಸ್ಟೇ ಮಾಲೀಕರಿಗೆ, ಮದುವೆ ಮನೆಯವರಿಗೆ ಎಂಪಿ4 ಸಿಕ್ಕಿದರೆ ಸಾಕು. ಯಾವುದರಲ್ಲಿ ಮಾಡಿದಿರಿ ಎಂದು ಕೇಳುವುದಿಲ್ಲ. ತೊಂದರೆ ಬರುವುದು ಬೆಂಗಳೂರಿನ ಸ್ಟುಡಿಯೋಗಳ ಒಳಗುತ್ತಿಗೆ ಕೆಲಸದಲ್ಲಿ. ಅವರು ಮಾಯಾ ಫೈಲೇ ಬೇಕು ಅನ್ನುತ್ತಾರೆ. ಕೆಲಸ ಒಪ್ಪುವ ಮೊದಲೇ ಕೇಳಿ: ಅಲೆಂಬಿಕ್ ಅಥವಾ ಯುಎಸ್‌ಡಿ ಕೊಟ್ಟರೆ ನಡೆಯುತ್ತದಾ? ನಡೆಯುತ್ತದೆ ಎಂದರೆ ಒಂದು ಸಣ್ಣ ಸ್ಯಾಂಪಲ್ ಕಳಿಸಿ ತೆರೆದು ನೋಡಲು ಹೇಳಿ. ನಡೆಯುವುದಿಲ್ಲ ಎಂದರೆ ಆ ತಿಂಗಳಿಗೆ ಮಾತ್ರ ಲೈಸೆನ್ಸ್ ತೆಗೆದು ಅದರ ಖರ್ಚನ್ನು ಕೊಟೇಶನ್‌ಗೆ ಸೇರಿಸಿ. ಇದರಲ್ಲಿ ನಾಚಿಕೆ ಏನಿಲ್ಲ.

ಹೆಜ್ಜೆ 9: ಬಾಡಿಗೆ ನಿಲ್ಲಿಸುವುದು

ಇದನ್ನು ಕೊನೆಗೆ ಇಟ್ಟಿದ್ದೇನೆ, ಬೇಕೆಂದೇ. ಮೊದಲು ನಿಮ್ಮ ಒಪ್ಪಂದ ಎಂಥದ್ದು ನೋಡಿ. ತಿಂಗಳು ತಿಂಗಳು ದುಡ್ಡು ಹೋದರೂ ಒಪ್ಪಂದ ವರ್ಷದ್ದಾಗಿರಬಹುದು. ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಹಾಗಿದ್ದರೆ ಮುಗಿಯುವ ತಾರೀಕು ಬರೆದಿಟ್ಟುಕೊಂಡು ತಾನಾಗಿ ನವೀಕರಣ ಆಗುವುದನ್ನು ಈಗಲೇ ನಿಲ್ಲಿಸಿ. ಉಳಿದ ತಿಂಗಳುಗಳನ್ನು ಫೈಲು ತೆಗೆಯಲು ಬಳಸಿ.

ಕಂಪನಿಯ ಕ್ಲೌಡ್‌ನಲ್ಲಿ ಇಟ್ಟದ್ದನ್ನೆಲ್ಲ ಇಳಿಸಿಕೊಳ್ಳಿ. ಜಿಎಸ್‌ಟಿ ಲೆಕ್ಕಕ್ಕೆ ಬೇಕಾಗುವ ಹಳೆಯ ಬಿಲ್ಲುಗಳನ್ನೂ ಇಳಿಸಿಡಿ, ಖಾತೆ ಮುಚ್ಚಿದ ಮೇಲೆ ಅವನ್ನು ಹುಡುಕುವುದು ರಗಳೆ. ಕಾರ್ಡ್‌ನಿಂದ ತಾನಾಗಿ ದುಡ್ಡು ಹೋಗುವ ಮೊದಲು, ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಮೆಸೇಜ್ ಬಂದಾಗ ನೋಡದೆ ಅಳಿಸಬೇಡಿ. ಸಾಫ್ಟ್‌ವೇರ್ ಖಾತೆಯಲ್ಲಿ ರದ್ದು ಮಾಡಿದ ಮೇಲೆ ಬ್ಯಾಂಕಿನ ಕಡೆ ಇ-ಮ್ಯಾಂಡೇಟ್ (ತಾನಾಗಿ ದುಡ್ಡು ಹೋಗಲು ಕೊಟ್ಟ ಒಪ್ಪಿಗೆ) ಕೂಡ ರದ್ದು ಮಾಡಿ. ಒಂದನ್ನೇ ಮಾಡಿದರೆ ಸಾಲದು.

ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಆ ಸಾಲು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಉಳಿದ ದುಡ್ಡಿನಲ್ಲಿ ಮೊದಲು ಒಂದು ಯುಪಿಎಸ್ ಕೊಳ್ಳಿ. ಆಮೇಲೆ ನೂರೋ ಇನ್ನೂರೋ ರೂಪಾಯಿಯನ್ನು ನೀವು ಬಳಸುವ ಸಾಫ್ಟ್‌ವೇರ್‌ನ ನಿಧಿಗೆ ಕಳಿಸಿ. ಬ್ಲೆಂಡರ್‌ಗೂ ಕ್ರೀಟಾಗೂ ಅಂಥ ನಿಧಿ ಇದೆ. ಕಳಿಸದಿದ್ದರೆ ಯಾರೂ ಕೇಳುವುದಿಲ್ಲ, ಆದರೆ ಆ ಸಾಫ್ಟ್‌ವೇರ್ ಕಟ್ಟುವವರಿಗೆ ಸಂಬಳ ಬರುವುದು ಅಲ್ಲಿಂದಲೇ.